ಸಿಂಕಿನ ಕೆಳಗಿನ ಬೋಗುಣಿಯೂ ಕೌಲ್ ಬಜಾರಿನ ಚಾಚಾ ಅಂಗಡಿಯೂ

ಫೆಬ್ರವರಿಯಿಂದ ಮೇ ತನಕ ನಮ್ಮ ಅಡುಗೆಮನೆ ಸಿಂಕಿನ ಕೆಳಗೆ, ಸೋರುವ ನೀರು ಹಿಡಿಯಲು, ಒಂದು ಸ್ಟೀಲ್ ಬೋಗುಣಿ ಕೂತಿತ್ತು. ಬೆಳಿಗ್ಗೆ ಎದ್ದು ಹಾಲು ಕಾಸುವ ಮೊದಲು ಅದನ್ನು ಖಾಲಿ ಮಾಡಬೇಕು. ಮಧ್ಯಾಹ್ನ ಪಾತ್ರೆ ತಿಕ್ಕಿದ ಮೇಲೆ ಇನ್ನೊಂದು ಸಲ. ಮರೆತರೆ ಮುಸುರೆ ನೀರು ಕಡಪಾ ಕಲ್ಲಿನ ಮೇಲೆ ಹರಿದು ಅಕ್ಕಿ ಡಬ್ಬಿಯ ಬುಡ ಸೇರುತ್ತಿತ್ತು. ಕಟ್ಟೆ ಕೆಳಗಿನ ಪ್ಲೈವುಡ್ ಬಾಗಿಲು ಉಬ್ಬಿ ಮುಚ್ಚಲು ಬರದಂತಾಯಿತು. ಅದು ಇವತ್ತಿಗೂ ಹಾಗೇ ಇದೆ.

ಬೋಗುಣಿ ಮಾತ್ರ ಎದ್ದು ಹೋಗಿ ಏಳು ತಿಂಗಳಾಯಿತು. ಅದನ್ನು ಎಬ್ಬಿಸಿದ ಸಿಂಕ್ ಪೈಪಿನ ಸಾಮಾನು ಮತ್ತು ಆ ಸಾಮಾನು ಕೊಟ್ಟ ಅಂಗಡಿ, ಎರಡರ ಬಗ್ಗೆಯೂ ಬರೆಯುತ್ತೇನೆ ಅಂತ ಅವತ್ತೇ ಅಂದುಕೊಂಡಿದ್ದೆ. ಆದರೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ, ಆಮೇಲೆ ಬರೆಯೋಣ ಅಂತ ಸುಮ್ಮನಿದ್ದೆ. ಹಾಕಿದ ವಾರಕ್ಕೇ ಚೆನ್ನಾಗಿದೆ ಅಂತ ಬರೆದು ಹನ್ನೊಂದನೇ ದಿನಕ್ಕೆ ನಾಚಿಕೆಪಡುವುದು ಬೇಡ ಅಲ್ವಾ.

ಮೊದಲು ನಮ್ಮ ಸಿಂಕಿನ ಕಥೆ ಹೇಳಬೇಕು, ಯಾಕೆಂದರೆ ಅದು ಎಲ್ಲರ ಮನೆ ಸಿಂಕಿನ ಹಾಗಲ್ಲ. ನಾನು ಬಳ್ಳಾರಿಯ ಪಾರ್ವತಿ ನಗರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಕೊಡುತ್ತೇನೆ. ದಿನಕ್ಕೆ 120ರಿಂದ 150. ಮದುವೆ ಸೀಸನ್‌ನಲ್ಲಿ 400 ದಾಟುತ್ತದೆ, ಆಗ ಇನ್ನಿಬ್ಬರು ಕೈಗೂಡಿಸಲು ಬರುತ್ತಾರೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಬೇಕು, ಬಿಸಿ ಕಮ್ಮಿಯಾದರೆ ರೊಟ್ಟಿ ಬಡಿಯುವಾಗ ಅಂಚು ಬಿರುಕು ಬಿಡುತ್ತದೆ. ಉಳಿದ ಎಸರು ಎಲ್ಲಿಗೆ ಹೋಗುತ್ತದೆ? ಸಿಂಕಿಗೆ. ಅನ್ನ ಬಸಿದ ಗಂಜಿ? ಸಿಂಕಿಗೆ. ಹಿಟ್ಟು ನಾದಿದ ಪರಾತ ತೊಳೆದ ನೀರು? ಅದೂ ಅಲ್ಲಿಗೇ. ಜೋಳದ ಹಿಟ್ಟಿಗೆ ಬಿಸಿನೀರು ಬಿದ್ದರೆ ಏನಾಗುತ್ತದೆ ಅಂತ ಅಂಬಲಿ ಕಾಸಿದವರಿಗೆಲ್ಲ ಗೊತ್ತು. ನಾನು ಎಂಟು ವರ್ಷ ಆ ಪೈಪಿನೊಳಗೆ ಅಂಬಲಿ ಕಾಸುತ್ತಿದ್ದೆ, ಅಷ್ಟೇ.

ಇದರ ಮೇಲೆ ನಮ್ಮದು ಬೋರ್ ನೀರು, ಸವುಳು. ಮುಟ್ಟಿದ ಕಡೆಯೆಲ್ಲ ಬಿಳಿ ಪದರ ಕಟ್ಟುತ್ತದೆ.

ಸೋರುವುದು ಶುರುವಾದಾಗ ಒಂದು ಹನಿ ಕಾಣುತ್ತಿತ್ತು. ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಮೇಲೆ ಸಿಂಕಿನ ತೂತಿಗೆ ಕೂರಿಸಿದ ಬಟ್ಟಲಿನಂಥ ವೇಸ್ಟ್ ಕಪ್ಲಿಂಗ್, ಅದರ ಬಾಲಕ್ಕೆ ಒಂದು ಪ್ಲಾಸ್ಟಿಕ್ ನಟ್, ನಟ್‌ನಿಂದ ಕೆಳಕ್ಕೆ ಸುರುಳಿ ಸುರುಳಿಯ ಬಿಳಿ ವೇಸ್ಟ್ ಪೈಪು. ಹನಿ ಆ ನಟ್‌ನ ತುದಿಯಲ್ಲಿ ನೇತಾಡುತ್ತಿತ್ತು. ಯಾರು ನೋಡಿದರೂ ಹೇಳುವುದು ಒಂದೇ ಮಾತು: ನಟ್ ಸಡಿಲ ಆಗಿದೆ.

ಪಕ್ಕದ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಆ ಮನೆ ಹುಡುಗ ಬಂದು ನಟ್ ಬಿಚ್ಚಿ, ತಿರುಪಿನ ಎಳೆಗೆ ಟೆಫ್ಲಾನ್ ಟೇಪ್ ಸುತ್ತಿ, ಬಿಗಿ ಮಾಡಿ ಹೋದ. ಎರಡು ದಿನ ಹನಿ ಇಲ್ಲ. ಮೂರನೇ ದಿನ ಮತ್ತೆ ಬಂತು. ಆತ ಇನ್ನಷ್ಟು ಟೇಪ್ ಸುತ್ತಿದ. ಒಟ್ಟು ಮೂರು ರೋಲ್ ಟೇಪ್ ಖರ್ಚಾಗಿ ಆ ನಟ್‌ಗೆ ತಲೆಗೆ ರುಮಾಲು ಸುತ್ತಿದ ಹಾಗಾಯಿತು. ಪಾಪ, ಒಳ್ಳೇ ಹುಡುಗ. ಹೋಗುವಾಗ ಒಂದು ಚೀಲ ಜೀನ್ಸ್ ಚಿಂದಿ ಕೊಟ್ಟು, ನೀರು ಒರೆಸಲು ಇಟ್ಟುಕೊಳ್ಳಿ ಆಂಟಿ ಅಂದ. ಆ ಚಿಂದಿ ಆಮೇಲೆ ಬೇರೆ ಕೆಲಸಕ್ಕೆ ಬಂತು, ಹೇಳುತ್ತೇನೆ.

ಆಮೇಲೆ ಒಬ್ಬ ಪ್ಲಂಬರ್ ಬಂದರು. ಐದು ನಿಮಿಷ ನೋಡಿದರು. ಎಂ-ಸೀಲ್ ಎರಡು ಉಂಡೆ ಕಲಸಿ, ನಟ್ ಸುತ್ತ ಬೆಲ್ಲದ ಅಚ್ಚಿನ ಹಾಗೆ ಮೆತ್ತಿದರು. "ಅಕ್ಕಾ, ಇನ್ನ ಹತ್ತು ವರ್ಷ ಇದು ಅಲ್ಲಾಡಂಗಿಲ್ಲ" ಅಂದರು. 400 ರೂಪಾಯಿ ಕೊಟ್ಟೆ. ಅವರು ಹೇಳಿದ್ದು ಸುಳ್ಳಲ್ಲ, ಅದು ಅಲ್ಲಾಡಲೇ ಇಲ್ಲ. ಹನ್ನೊಂದನೇ ದಿನ ಆ ಗಟ್ಟಿ ಉಂಡೆಯ ಮೇಲಿಂದ ನೀರು ಇಳಿದು, ಉಂಡೆಯ ತುದಿಯಿಂದ ಹನಿ ಬೀಳತೊಡಗಿತು. ಎಂ-ಸೀಲ್‌ನದು ಇದರಲ್ಲಿ ಏನೂ ತಪ್ಪಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು. ಅದು ನಮಗೆ ಆಗ ಗೊತ್ತಿರಲಿಲ್ಲ.

ಫೋನ್ ಮಾಡಿದರೆ ಬರ್ತೀನಿ ಅಕ್ಕಾ ಅನ್ನುತ್ತಿದ್ದರು. ಎರಡು ವಾರ ಬರ್ತೀನಿ ಅಂದರು.

ಮಗಳು ಆನ್‌ಲೈನ್‌ನಲ್ಲಿ 349 ರೂಪಾಯಿಗೆ ಒಂದು ಹೊಸ ಪೈಪ್ ಸೆಟ್ ತರಿಸಿದಳು. ಚಿತ್ರದಲ್ಲಿ ನಮ್ಮದರ ಹಾಗೇ ಇತ್ತು. ಬಂದ ಮೇಲೆ ನೋಡಿದರೆ ನಟ್ ನಮ್ಮ ಬಾಲಕ್ಕಿಂತ ಸಣ್ಣದು. ಕೈ ತೊಳೆಯುವ ಬೇಸಿನ್‌ಗೆ ಸಾಮಾನ್ಯವಾಗಿ 32 ಎಂಎಂ, ಅಂದರೆ ಒಂದೂಕಾಲು ಇಂಚು. ಅಡುಗೆಮನೆ ಸಿಂಕಿಗೆ 40 ಎಂಎಂ, ಒಂದೂವರೆ ಇಂಚು. ಇಷ್ಟು ತಿಳಿದುಕೊಳ್ಳಲು 349 ರೂಪಾಯಿ. ಪೊಟ್ಟಣ ಹರಿದಿದ್ದೆವು ಅಂತ ವಾಪಸ್ಸೂ ತೆಗೆದುಕೊಳ್ಳಲಿಲ್ಲ.

ನಮ್ಮ ಮನೆಯವರು ಇದನ್ನೆಲ್ಲ ಕುರ್ಚಿ ಮೇಲೆ ಕೂತು ನೋಡುತ್ತಿದ್ದರು. ಅವರದು ಒಂದೇ ಮಾತು. "2024ರ ಆಗಸ್ಟ್‌ನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತು. ಒಂದು ವಾರದಾಗ ಸ್ಟಾಪ್ ಲಾಗ್ ಅನ್ನೋ ತಾತ್ಕಾಲಿಕ ಗೇಟ್ ಇಳಿಸಿ ಬಂದ್ ಮಾಡಿದ್ರು. ನಿನ್ನ ಸಿಂಕು ನಾಕು ತಿಂಗಳು." ಡ್ಯಾಮಿನಲ್ಲಿ 33 ಗೇಟ್ ಇವೆ, ನಿಮಗಿರುವುದು ಒಂದೇ ಸಿಂಕು, ಎದ್ದು ಬಂದು ನೋಡ್ರಿ ಅಂದೆ. ಬರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ರೊಟ್ಟಿ ಕೊಡಲು ಕೌಲ್ ಬಜಾರ್ ಕಡೆ ಹೋಗಿದ್ದೆ. ಮಾತಿಗೆ ಸಿಂಕಿನ ವಿಷಯ ಬಂತು. ರೊಟ್ಟಿ ತೆಗೆದುಕೊಳ್ಳುವ ಅಕ್ಕ, ಇಲ್ಲೇ ಒಳಗೆ ಚಾಚಾ ಅಂಗಡಿ ಇದೆ ನೋಡ್ರಿ, ಅವರನ್ನ ಕೇಳ್ರಿ ಅಂದರು. ಹೋದೆ. ಅಂಗಡಿ ಅಂದರೆ ಎಂಟಡಿ ಅಗಲ. ಬೋರ್ಡಿನ ಮೇಲಿನ ಹೆಸರು ಧೂಳಿನಲ್ಲಿ ಓದಲು ಬರುವುದಿಲ್ಲ. ಬಾಗಿಲಿಗೆ ಪೈಪುಗಳ ಗೊಂಚಲು, ಮೇಲಿನ ತಂತಿಯಲ್ಲಿ ವಾಷರ್‌ಗಳನ್ನು ಮಲ್ಲಿಗೆ ಹಾರದ ಹಾಗೆ ಪೋಣಿಸಿ ತೂಗುಹಾಕಿದ್ದಾರೆ. ಕೌಂಟರಿನ ಮೇಲೆ ದಾರಕ್ಕೆ ಕಟ್ಟಿದ ಒಂದು ಆಯಸ್ಕಾಂತ. ಕನ್ನಡಕವನ್ನು ಹಣೆ ಮೇಲೆ ಏರಿಸಿಕೊಂಡು ಕೂತ ವಯಸ್ಸಾದವರು ಚಾಚಾ.

ನಾನು ಹೇಳಿದೆ, ಸಿಂಕ್ ಪೈಪಿನ ನಟ್ ಸೋರುತ್ತದೆ, ಒಳ್ಳೇ ನಟ್ ಇದ್ದರೆ ಕೊಡಿ.

ಅವರು ನಟ್ ತೆಗೆಯಲಿಲ್ಲ. "ಅಮ್ಮಾ, ಒಂದು ಮಾತು ಹೇಳ್ರಿ. ಸಿಂಕಿನಾಗ ನೀರು ನಿಂತಾಗ ಸೋರ್ತದೋ, ಹರಿದು ಹೋಗುವಾಗ ಸೋರ್ತದೋ?"

ನಾಲ್ಕು ತಿಂಗಳಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಯೋಚನೆ ಮಾಡಿದೆ. ಬೇಸಿಗೆಯಲ್ಲಿ ನೀರು ಉಳಿಸಲು ಜಾಲಿ ಮೇಲೆ ತಟ್ಟೆ ಬೋರಲು ಹಾಕಿ, ಸಿಂಕಿನಲ್ಲಿ ನೀರು ನಿಲ್ಲಿಸಿ ಪಾತ್ರೆ ತಿಕ್ಕುತ್ತೇನೆ. ರಾತ್ರಿ ಪರಾತವನ್ನೂ ಹಾಗೇ ನೆನೆ ಹಾಕುತ್ತೇನೆ. ಬೋಗುಣಿ ಜಾಸ್ತಿ ತುಂಬುತ್ತಿದ್ದದ್ದೇ ಬೆಳಗಿನ ಹೊತ್ತು! ರಾತ್ರಿಯೆಲ್ಲ ನಲ್ಲಿ ಬಂದಾಗಿದ್ದರೂ.

"ಹಂಗಾದ್ರ ನಟ್ಟಿಂದಲ್ಲ" ಅಂದರು. ಹರಿಯುವಾಗ ಮಾತ್ರ ಸೋರಿದರೆ ಕೆಳಗಿನ ಜೋಡಣೆ ನೋಡಬೇಕು. ನೀರು ನಿಂತಾಗಲೇ ಸೋರಿದರೆ ಸಿಂಕಿಗೂ ಕಪ್ಲಿಂಗ್‌ಗೂ ನಡುವಿನ ರಬ್ಬರ್ ಹೋಗಿದೆ. ಅಲ್ಲಿ ಸೋರಿದ ನೀರು ಬಟ್ಟಲಿನ ಹೊರಮೈ ಹಿಡಿದು ಸದ್ದಿಲ್ಲದೆ ಇಳಿಯುತ್ತದೆ. ಕೆಳಗೆ ನಟ್‌ನ ಅಂಚು ಸಿಕ್ಕಾಗ ಅಲ್ಲಿ ಹನಿಯಾಗುತ್ತದೆ. ಹನಿ ಬೀಳುವ ಜಾಗ ನೋಡಿ ಎಲ್ಲರೂ ನಟ್ ತಿರುಗಿಸುತ್ತಾರೆ.

ನನಗೆ ಆ ಕ್ಷಣಕ್ಕೆ ಸಿಟ್ಟು ಬಂದದ್ದು ಪ್ಲಂಬರ್ ಮೇಲಲ್ಲ, ನನ್ನ ಮೇಲೇ. ದಿನಾ ಬೋಗುಣಿ ಎತ್ತಿದವಳು ನಾನು.

ಚಾಚಾ ಸಾಮಾನು ಕೊಡಲಿಲ್ಲ. ಮನೆಗೆ ಹೋಗಿ ಮೊದಲು ಖಾತ್ರಿ ಮಾಡಿಕೊಳ್ಳಿ, ಹಳೇದನ್ನು ಬಿಚ್ಚಿ ತನ್ನಿ ಅಂತ ಕಳಿಸಿದರು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಅಂಗಡಿ ನಾನು ಬೇರೆ ನೋಡಿಲ್ಲ.

ಮನೆಗೆ ಬಂದು ಸಿಂಕಿನ ಕೆಳಭಾಗವನ್ನೆಲ್ಲ ಜೀನ್ಸ್ ಚಿಂದಿಯಿಂದ ಒಣಗಿಸಿದೆ. ಜಾಲಿಗೆ ಬೂಚು ಹಾಕಿ ನಾಲ್ಕು ಬೆರಳು ನೀರು ನಿಲ್ಲಿಸಿದೆ. ಪೇಪರ್ ಚೂರುಗಳನ್ನು ಕಪ್ಲಿಂಗ್ ಸುತ್ತ ಒತ್ತಿ ಹಿಡಿದು ನೋಡಿದರೆ ಎದುರಿನ ಕಡೆ ಒಣಗಿದ್ದವು. ಗೋಡೆ ಕಡೆಯ ಭಾಗ ಕಣ್ಣಿಗೆ ಕಾಣುವುದಿಲ್ಲ. ಮಗಳು ಉಪಾಯ ಮಾಡಿದಳು. ಮೊಬೈಲಿನಲ್ಲಿ ಸೆಲ್ಫಿ ಕ್ಯಾಮೆರಾ ಹಾಕಿ, ವಿಡಿಯೋ ಶುರು ಮಾಡಿ, ಕೈಯನ್ನು ಹಿಂದಕ್ಕೆ ಚಾಚಿದಳು. ವಿಡಿಯೋದಲ್ಲಿ ಸ್ಪಷ್ಟವಾಗಿ ಕಂಡಿತು. ಸ್ಟೀಲಿಗೂ ಬಟ್ಟಲಿಗೂ ನಡುವೆ, ಗೋಡೆ ಕಡೆ, ಬಿಳಿ ಉಪ್ಪಿನ ಗೀರು. ಆ ಗೀರಿನ ಮೇಲೆ ಮಿಣ್ಣಗೆ ನೀರು ಜಾರುತ್ತಿತ್ತು. ಆ ವಿಡಿಯೋ ಇನ್ನೂ ಇಟ್ಟುಕೊಂಡಿದ್ದೇನೆ. ನಮ್ಮ ಮನೆಯವರಿಗೆ ತೋರಿಸಿದೆ. ಆಗ ಕುರ್ಚಿಯಿಂದ ಎದ್ದರು.

ಬಿಚ್ಚುವ ಕೆಲಸ ಸುಲಭ ಇರಲಿಲ್ಲ. ನಮ್ಮ ಕಪ್ಲಿಂಗ್ ನಡುವೆ ಒಂದೇ ಉದ್ದ ಸ್ಕ್ರೂ ಇರುವ ಥರದ್ದು. ಮೇಲೆ ಜಾಲಿಯ ಬಿಲ್ಲೆ, ಕೆಳಗೆ ಬಟ್ಟಲು, ನಡುವೆ ಸಿಂಕಿನ ತಗಡು. ಸ್ಕ್ರೂ ಎರಡನ್ನೂ ಎಳೆದು ಹಿಡಿಯುತ್ತದೆ. ಸವುಳು ನೀರಿಗೆ ಆ ಸ್ಕ್ರೂ ತುಕ್ಕು ಹಿಡಿದು ತಲೆಯ ಗೀಟು ಸವೆದಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಬಿಟ್ಟು ಬೆಳಿಗ್ಗೆ ತಿರುಗಿಸಿದ ಮೇಲೆ ಬಂತು. ಕೆಳಗಿನ ಎಂ-ಸೀಲ್ ಉಂಡೆ ಬಿಚ್ಚುವ ಮಾತೇ ಇಲ್ಲ. ಹ್ಯಾಕ್ಸಾ ಬ್ಲೇಡಿನಿಂದ ಪೈಪನ್ನೇ ಕತ್ತರಿಸಬೇಕಾಯಿತು. ಕತ್ತರಿಸಿದ ಬಾಯೊಳಗೆ ನೋಡಿದರೆ ಸುರುಳಿಯ ಒಂದೊಂದು ಮಡಿಕೆಯಲ್ಲೂ ಬೂದು ಬಣ್ಣದ ಹಿಟ್ಟು, ಜಿಡ್ಡು. ವಾಸನೆ ಬಗ್ಗೆ ಬರೆಯುವುದಿಲ್ಲ, ಊಟದ ಹೊತ್ತಲ್ಲಿ ಓದುವವರೂ ಇರುತ್ತಾರೆ.

ಹಳೇ ರಬ್ಬರನ್ನು ಚಾಚಾ ಕೈಗೆ ಕೊಟ್ಟೆ. ಅವರು ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿದರು. ಗುರುತು ಬೀಳಲಿಲ್ಲ. ಬಗ್ಗಿಸಿದರು, ಹಪ್ಪಳದ ಹಾಗೆ ಟಪ್ ಅಂತ ಮುರಿಯಿತು. ತಂತಿಯಿಂದ ಒಂದು ಹೊಸ ರಬ್ಬರ್ ತೆಗೆದು ಅದೇ ಉಗುರು ಒತ್ತಿ ತೋರಿಸಿದರು. ಗುರುತು ಬಿತ್ತು, ನಿಧಾನಕ್ಕೆ ತಾನೇ ಮಾಯವಾಯಿತು. "ಹಿಂಗ ವಾಪಸ್ ಬರಬೇಕು. ಇದು ಸತ್ತೈತಿ" ಅಂದರು. ಬಿಸಿ ಏನು ಹಾಕ್ತೀರಿ ಅಂತ ಕೇಳಿದರು. ಎಸರು ಅಂದೆ. ತಲೆ ಅಲ್ಲಾಡಿಸಿದರು. ಪಿವಿಸಿ ಪೈಪು 60 ಡಿಗ್ರಿ ಬಿಸಿಯ ತನಕದ ಲೆಕ್ಕದ್ದು, ಅದರ ಮೇಲೆ ಮೆತ್ತಗಾಗಿ ಜೋತು ಬೀಳುತ್ತದೆ. ಕುದಿಯುವ ನೀರು ದಿನಾ ಬಿದ್ದರೆ ರಬ್ಬರೂ ಬೇಗ ಗಟ್ಟಿಯಾಗುತ್ತದೆ. ಎಸರು ಚೆಲ್ಲುವುದೇ ಆದರೆ ನಲ್ಲಿ ಬಿಟ್ಟು, ತಣ್ಣೀರಿನ ಜೊತೆ ಚೆಲ್ಲಿ ಅಂದರು. ಈಗ ಹಾಗೇ ಮಾಡುತ್ತೇನೆ. ಜಾಸ್ತಿ ಇದ್ದರೆ ಬಕೆಟ್ಟಿನಲ್ಲಿಟ್ಟು ಆರಿದ ಮೇಲೆ ಬಚ್ಚಲಿಗೆ.

ತೆಗೆದುಕೊಂಡ ಸಾಮಾನು ಹೀಗೆ. ಸ್ಟೀಲ್ ಕಪ್ಲಿಂಗ್ ರಬ್ಬರ್ ಸಮೇತ 220 ರೂಪಾಯಿ. 40 ಎಂಎಂ ಪ್ಲಾಸ್ಟಿಕ್ ಬಾಟಲ್ ಟ್ರ್ಯಾಪ್ 280. ಒಂದೂವರೆ ಅಡಿ ಪೈಪು 60. ಹೆಚ್ಚುವರಿ ವಾಷರ್ ಎರಡು, ತಲಾ 10. ಒಟ್ಟು 580. ಮೊದಲು ಹಾಳು ಮಾಡಿದ್ದು ಇದಕ್ಕಿಂತ ಜಾಸ್ತಿ.

ಕಪ್ಲಿಂಗ್ ಕೊಡುವ ಮುಂಚೆ ಅದರ ಸ್ಕ್ರೂಗೆ ದಾರದ ಆಯಸ್ಕಾಂತ ಹಿಡಿದರು. ಗಪ್ಪನೆ ಅಂಟಿದರೆ ಅದು ಪಾಲಿಶ್ ಹೊಡೆದ ಕಬ್ಬಿಣ ಇರಬಹುದು, ಇಲ್ಲ ಬೇಗ ತುಕ್ಕು ಹಿಡಿಯುವ ಸ್ಟೀಲು, ನಿಮ್ಮ ನೀರಿಗೆ ಬಾಳುವುದು ಕಷ್ಟ ಅಂದರು. ಅಂಟದಿದ್ದರೆ ಪಕ್ಕಾ ಒಳ್ಳೇ ಸ್ಟೀಲೇ ಅಂತ ಗ್ಯಾರಂಟಿಯೂ ಇಲ್ಲ ಅಂತ ತಾವೇ ಸೇರಿಸಿದರು. ಮೊದಲು ತೆಗೆದ 150 ರೂಪಾಯಿಯ ಕಪ್ಲಿಂಗ್ ಗಪ್ಪನೆ ಅಂಟಿತು. ಅದನ್ನು ತಾವೇ ಪಕ್ಕಕ್ಕಿಟ್ಟರು.

ಬಾಟಲ್ ಟ್ರ್ಯಾಪ್ ಯಾಕೆ ಅಂತ ಕೇಳಿದೆ. ಹಳೇ ಸುರುಳಿ ಪೈಪಿನಲ್ಲಿ ನೀರು ನಿಲ್ಲುವ ಬಾಗು ಇರಲಿಲ್ಲ, ನೇರ ಗೋಡೆ ತೂತಿಗೆ ಹೋಗುತ್ತಿತ್ತು. ಹೊರಗಿನ ಚೇಂಬರಿನ ವಾಸನೆ, ಜಿರಲೆ, ಎರಡಕ್ಕೂ ಬಾಗಿಲು ತೆರೆದಿಟ್ಟ ಹಾಗೆ. ಟ್ರ್ಯಾಪಿನ ಬಟ್ಟಲಲ್ಲಿ ಎರಡು ಮೂರು ಇಂಚು ನೀರು ಯಾವಾಗಲೂ ನಿಂತಿರುತ್ತದೆ. ಆ ನೀರೇ ಬಾಗಿಲು.

ಆದರೆ ಚಾಚಾ ಇನ್ನೊಂದು ಮಾತೂ ಹೇಳಿದರು. ಬಾಟಲ್ ಟ್ರ್ಯಾಪ್ ಚೆಂದ ಹೊಂದುವುದು ಕೈ ತೊಳೆಯುವ ಬೇಸಿನ್‌ಗೆ, ಅಡುಗೆಮನೆಗೆ ಬಾಗಿದ ಪಿ-ಟ್ರ್ಯಾಪ್ ಮೇಲು, ಅದರಲ್ಲಿ ಜಿಡ್ಡು ಕಮ್ಮಿ ನಿಲ್ಲುತ್ತದೆ ಅಂತ. ನಮ್ಮ ಗೋಡೆ ತೂತು ಎತ್ತರದಲ್ಲಿದೆ, ಸಿಂಕಿನ ಕೆಳಗೆ ಜಾಗ ಸಾಲದು, ಪಿ-ಟ್ರ್ಯಾಪ್ ಕೂರುವುದು ಕಷ್ಟ. ಹೀಗಾಗಿ ಇದನ್ನೇ ಕೊಟ್ಟರು. ವಾರಕ್ಕೊಮ್ಮೆ ಬಟ್ಟಲು ಬಿಚ್ಚಿ ತೊಳೆಯುತ್ತೀನಿ ಅಂದರೆ ಮಾತ್ರ ತೊಗೊಳ್ರಿ ಅಂದರು.

ಭಾನುವಾರ ಮಧ್ಯಾಹ್ನ ರೊಟ್ಟಿ ಕೆಲಸ ಇರುವುದಿಲ್ಲ. ನಾನು ಕೆಳಗೆ ಗೋಣಿಚೀಲ ಹಾಸಿ ಮಲಗಿದೆ. ಮಗಳು ಮೇಲೆ ಸ್ಕ್ರೂಡ್ರೈವರ್ ಹಿಡಿದು ನಿಂತಳು. ಹೊರಗೆ ಬಳ್ಳಾರಿ ಬಿಸಿಲು, ಒಳಗೆ ಫ್ಯಾನ್ ಗಾಳಿ ಸಿಂಕಿನ ಕೆಳಗೆ ಬರುವುದಿಲ್ಲ. ಮೊದಲು ಸಿಂಕಿನ ತೂತಿನ ಸುತ್ತ ಇದ್ದ ಬಿಳಿ ಪದರವನ್ನು ಅರ್ಧ ನಿಂಬೆಹಣ್ಣಿನಿಂದ ಉಜ್ಜಿದೆ. ಚುರ್ ಅಂತ ಸಣ್ಣಗೆ ನೊರೆ ಬಂದು ಪದರ ಬಿಟ್ಟಿತು. ಆ ಪದರ ಇದ್ದರೆ ಹೊಸ ರಬ್ಬರೂ ಸರಿಯಾಗಿ ಕೂರುವುದಿಲ್ಲ. ನಾಲ್ಕು ನಿಂಬೆಹಣ್ಣು ಬೇಕಾದವು, ಮೇ ತಿಂಗಳ ರೇಟಿನಲ್ಲಿ. ಬಿಲ್ಲಿಗೆ ಅದನ್ನೂ ಸೇರಿಸಬೇಕು.

ಆಮೇಲೆ ತೊಳೆದು, ಒರೆಸಿ, ಒಂದು ರಬ್ಬರ್ ಜಾಲಿ ಬಿಲ್ಲೆಯ ಕೆಳಗೆ, ಇನ್ನೊಂದು ತಗಡಿನ ಕೆಳಗೆ, ಅದರಡಿ ಬಟ್ಟಲು. ನಾನು ಬಟ್ಟಲು ಅಲ್ಲಾಡದ ಹಾಗೆ ಹಿಡಿದೆ, ಮಗಳು ಮೇಲಿಂದ ಸ್ಕ್ರೂ ತಿರುಗಿಸಿದಳು. ಒಬ್ಬರೇ ಮಾಡಿದರೆ ಕೆಳಗಿನ ಬಟ್ಟಲು ಸ್ಕ್ರೂ ಜೊತೆ ತಿರುಗಿ ರಬ್ಬರ್ ಮಡಚಿಕೊಳ್ಳುತ್ತದೆ. ರಬ್ಬರ್ ಸುತ್ತಲೂ ಒಂದೇ ಸಮನೆ ಸ್ವಲ್ಪ ಉಬ್ಬಿ ಹೊರಗೆ ಕಂಡಾಗ ನಿಲ್ಲಿಸಿ ಅಂತ ಚಾಚಾ ಹೇಳಿದ್ದರು. ನಾನು ಕೆಳಗಿಂದ ಸಾಕು ಅಂದೆ. ಮಗಳಿಗೆ ಕೇಳಿಸಲಿಲ್ಲ, ಮಿಕ್ಸಿ ಸದ್ದು. ಯಜಮಾನರು ಅದೇ ಹೊತ್ತಿಗೆ ಶೇಂಗಾ ಚಟ್ನಿ ಪುಡಿ ಮಾಡಲು ಹೊರಟಿದ್ದರು. ಕಿರುಚಿ ನಿಲ್ಲಿಸಬೇಕಾಯಿತು.

ಟ್ರ್ಯಾಪಿನ ನಟ್‌ಗಳಿಗೆ ಪಾನಾ ಹಾಕಬೇಡಿ, ಪ್ಲಾಸ್ಟಿಕ್ ಎಳೆ ಹಾರಿ ಹೋಗುತ್ತದೆ, ಕೈಯಲ್ಲೇ ಬಿಗಿ ಮಾಡಿ ಅಂದಿದ್ದರು. ಒದ್ದೆ ಕೈ ಜಾರುತ್ತಿತ್ತು. ಆಗ ನೆನಪಾದದ್ದು ಜೀನ್ಸ್ ಚಿಂದಿ. ಒಂದು ಪಟ್ಟಿ ಸುತ್ತಿ ಹಿಡಿದು ತಿರುಗಿಸಿದರೆ ಹಿಡಿತ ಎಷ್ಟು ಚೆನ್ನಾಗಿ ಸಿಗುತ್ತದೆ ಅಂದರೆ ನೀವೇ ನೋಡಬೇಕು. ನಮ್ಮೂರಲ್ಲಿ ಈ ಚಿಂದಿಗೆ ಬರ ಇಲ್ಲ.

ಟೆಫ್ಲಾನ್ ಟೇಪ್ ಹಾಕಲೇ ಇಲ್ಲ. ಇಂಥ ನಟ್‌ನಲ್ಲಿ ನೀರು ತಡೆಯುವುದು ಎಳೆಯಲ್ಲ, ಒಳಗಿನ ವಾಷರ್. ಎಳೆ ಬರೀ ಒತ್ತಿ ಹಿಡಿಯುತ್ತದೆ. ಟೇಪ್ ದಪ್ಪಗೆ ಸುತ್ತಿದರೆ ನಟ್ ಪೂರ್ತಿ ಏರದೆ ವಾಷರ್ ಮೇಲಿನ ಒತ್ತಡವೇ ಕಮ್ಮಿಯಾಗುತ್ತದೆ. ಪಕ್ಕದ ಮನೆ ಹುಡುಗನಿಗೆ ಇದನ್ನು ಹೇಳಿದೆ. ಆತ ನಂಬಲಿಲ್ಲ.

ಒಂದು ತಪ್ಪು ನಾನೂ ಮಾಡಿದೆ. ಟ್ರ್ಯಾಪಿನಿಂದ ಗೋಡೆಗೆ ಹೋಗುವ ಪೈಪಿನ ವಾಷರ್ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರು. ಚಪ್ಪಟೆ ಮುಖ ನಟ್ ಕಡೆ, ಇಳಿಜಾರು ಮುಖ ಟ್ರ್ಯಾಪಿನ ಬಾಯಿ ಕಡೆ ಇರಬೇಕು. ನಾನು ತಿರುವು ಮುರುವು ಹಾಕಿದ್ದೆ. ನೀರು ಬಿಟ್ಟ ತಕ್ಷಣ ಮುಖಕ್ಕೆ ಚಿಮ್ಮಿತು. ಬಿಚ್ಚಿ ತಿರುಗಿಸಿ ಹಾಕಿದ ಮೇಲೆ ನಿಂತಿತು.

ಪರೀಕ್ಷೆ ಮಾಡಲು ಕೆಳಗೆ ಒಣ ಪೇಪರ್ ಹಾಸಿದೆ. ಸಿಂಕ್ ತುಂಬಿಸಿ ಅರ್ಧ ಗಂಟೆ ಬಿಟ್ಟೆ, ಆಮೇಲೆ ಬೂಚು ಎಳೆದು ಒಮ್ಮೆಗೇ ಹರಿಬಿಟ್ಟೆ. ಪೇಪರ್ ಒಣಗಿಯೇ ಇತ್ತು. ನಂಬಿಕೆ ಬರದೆ ಬೋಗುಣಿಯನ್ನು ಇನ್ನೂ ಒಂದು ವಾರ ಅಲ್ಲೇ ಇಟ್ಟಿದ್ದೆ.

ಈಗ ಏಳು ತಿಂಗಳ ಮೇಲೆ ನನ್ನ ಲೆಕ್ಕ. ಕಪ್ಲಿಂಗ್‌ಗೆ ಐದಕ್ಕೆ ಐದು. ಸ್ಕ್ರೂನಲ್ಲಿ ತುಕ್ಕಿನ ಕಲೆ ಇಲ್ಲ, ಒಂದು ಹನಿ ಸೋರಿಲ್ಲ. ಜಾಲಿಯ ತೂತು ಮಾತ್ರ ಸ್ವಲ್ಪ ದೊಡ್ಡದು, ಸಾಸಿವೆ ಕರಿಬೇವು ಇಳಿದು ಹೋಗುತ್ತವೆ. ಮೇಲೊಂದು ಸಣ್ಣ ಜರಡಿ ಇಟ್ಟುಕೊಂಡಿದ್ದೇನೆ.

ಬಾಟಲ್ ಟ್ರ್ಯಾಪ್‌ಗೆ ಮೂರೂವರೆ. ವಾಸನೆ ನಿಂತಿದೆ, ಜಿರಲೆ ಆ ದಾರಿಯಿಂದ ಬರುವುದು ನಿಂತಿದೆ. ಆದರೆ ಪ್ರತಿ ಭಾನುವಾರ ಬಟ್ಟಲು ಬಿಚ್ಚಿದರೆ ಒಳಗೆ ಒಂದು ಮುಷ್ಟಿ ಜೋಳದ ಹಿಟ್ಟು ಕೆಸರಿನ ಹಾಗೆ ಕೂತಿರುತ್ತದೆ. ಜುಲೈನಲ್ಲಿ ಮದುವೆ ಆರ್ಡರ್ ಗಡಿಬಿಡಿಯಲ್ಲಿ ಮೂರು ವಾರ ಬಿಟ್ಟೆ. ಸಿಂಕಿನಲ್ಲಿ ನೀರು ಇಳಿಯುವುದೇ ನಿಂತಿತು. ಬಟ್ಟಲಿನ ಹಿಡಿಕೆ ಗೆರೆಗಳು ತೀರಾ ಸಣ್ಣವು, ಜಿಡ್ಡು ಕೈಗೆ ಸಿಗುವುದಿಲ್ಲ, ಅಲ್ಲೂ ಜೀನ್ಸ್ ಚಿಂದಿಯೇ ಗತಿ. ಬಿಚ್ಚುವಾಗ ಕೆಳಗೆ ಪಾತ್ರೆ ಇಡದಿದ್ದರೆ ಒಳಗಿನ ನೀರು ಪೂರ್ತಿ ಮೈಮೇಲೆ. ಬರೀ ಅನ್ನ ಸಾರಿನ ಮನೆಗೆ ತಿಂಗಳಿಗೊಮ್ಮೆ ತೊಳೆದರೆ ಸಾಕಾಗಬಹುದು. ನನ್ನಂಥ ಹಿಟ್ಟಿನ ಕೆಲಸದವರು ಗೋಡೆ ತೂತು ಸ್ವಲ್ಪ ಕೆಳಗೆ ಕೊರೆಸಲು ಸಾಧ್ಯವಿದ್ದರೆ ಪಿ-ಟ್ರ್ಯಾಪೇ ಹಾಕಿಸಿ. ಮುಂದಿನ ವರ್ಷ ಅಡುಗೆಮನೆಗೆ ಬಣ್ಣ ಹೊಡೆಸುವಾಗ ನಾನೂ ಹಾಗೇ ಮಾಡಿಸುತ್ತೇನೆ.

ಅಂಗಡಿಗೆ ನಾಲ್ಕೂವರೆ. ಅರ್ಧ ಕಡಿಮೆ ಯಾಕೆಂದರೆ ಬಿಲ್ ಕೊಡುವುದಿಲ್ಲ, ಸಿಗರೇಟ್ ಪ್ಯಾಕಿನ ಹಿಂದೆ ಕೂಡಿಸಿ ತೋರಿಸುತ್ತಾರೆ. ಅಂಗಡಿ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ, ಆಟೋದವರು ಬೈಯುತ್ತಾರೆ. ಚಾಚಾ ಇಲ್ಲದಾಗ ಮೊಮ್ಮಗ ಕೂರುತ್ತಾನೆ. ಒಳ್ಳೇ ಹುಡುಗನೇ, ಆದರೆ ಕೇಳಿದ್ದನ್ನು ಕೊಟ್ಟು ಕಳಿಸುತ್ತಾನೆ, ಪ್ರಶ್ನೆ ಕೇಳುವುದಿಲ್ಲ. ಫೋನ್‌ಪೇ ಇದೆ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತಾರೆ, ಮೂರು ಗಂಟೆ ಮೇಲೆ ಹೋಗಿ. ಹೋಗುವಾಗ ಹಳೇ ಸಾಮಾನು ಒಯ್ಯಲೇಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ದಯವಿಟ್ಟು ತೊಳೆದು ಒಯ್ಯಿರಿ. ನಾನು ಕತ್ತರಿಸಿದ ಪೈಪನ್ನು ಹಾಗೇ ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಕೌಂಟರಿನ ಮೇಲೆ ಕವರ್ ಬಿಚ್ಚಿದಾಗ ಚಾಚಾ ಏನೂ ಅನ್ನಲಿಲ್ಲ. ಹಣೆ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, ಹೆಗಲ ಮೇಲಿನ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡರು.